ಹಾಲುಹಲ್ಲೂ ಹಿರಿಯರ ನುಡಿಯೂ

ನುಡಿಗೂ ನಡೆಗೂ ಅಂತರವಿರಬಾರದೆಂಬುದು ಶರಣರು ಕಲಿಸಿದ ಮೊದಲ ಪಾಠ. ಕಾಯಕದಲ್ಲಿ, ದಾಸೋಹದಲ್ಲಿ ಈ ಪಾಠವನ್ನು ತಪ್ಪದೆ ನೆನೆಯುವ ಹಿರಿಯರೇ ಮನೆಯ ಮಕ್ಕಳ ಮುಂದೆ ಅದನ್ನು ಮರೆತುಬಿಡುವುದುಂಟು. ಮಗುವಿಗೆ ಹೇಳಿದ ಸುಳ್ಳು ಸುಳ್ಳಲ್ಲವೆಂಬ ಭಾವನೆ ಅದಕ್ಕೆ ಕಾರಣ.

ಹಾವೇರಿ ಜಿಲ್ಲೆಯ ಮಾಸೂರು, ಮದಗದ ಕೆರೆಗೆ ಹೆಸರಾದ ಊರು. ಸರ್ವಜ್ಞನ ನೆನಪನ್ನು ಇಂದಿಗೂ ಕಾಪಾಡಿಕೊಂಡು ಬಂದಿರುವ ಊರು. ಅಲ್ಲಿಯ ಒಂದು ಒಕ್ಕಲುತನದ ಮನೆಯಲ್ಲಿ ನಾಲ್ಕೂವರೆ ವರ್ಷದ ಹೆಣ್ಣುಮಗುವೊಂದು ರಾತ್ರಿಯಾದೊಡನೆ ಕೆನ್ನೆ ಹಿಡಿದುಕೊಂಡು ಅಳತೊಡಗಿತು. ಕೆಳಗಿನ ದವಡೆಹಲ್ಲಿನಲ್ಲಿ ಕಪ್ಪು ಕುಳಿ ಬಿದ್ದಿತ್ತು. ಅಜ್ಜಿ ಲವಂಗ ಜಜ್ಜಿ ಹತ್ತಿಯಲ್ಲಿಟ್ಟರು, ಉಪ್ಪುನೀರು ಮುಕ್ಕಳಿಸಿದರು. “ಹಾಲಹಲ್ಲು, ಹೆಂಗೂ ಬೀಳೂದ ಐತಿ. ಅದಕ್ಯಾಕ ಡಾಕ್ಟರು?” ಎಂಬುದು ಅವರ ವಾದ.

ಈ ವಾದ ಅನೇಕ ಮನೆಗಳದು. ಆದರೆ 20 ಹಾಲುಹಲ್ಲುಗಳಲ್ಲಿ ಮುಂದಿನವು 6–7ನೆಯ ವಯಸ್ಸಿನಲ್ಲಿ ಬೀಳತೊಡಗಿದರೂ, ಹಿಂದಿನ ದವಡೆಹಲ್ಲುಗಳು 10–12 ವರ್ಷದವರೆಗೆ ಇರಬೇಕಾದವು. ಅವು ಅಗಿಯುವುದಕ್ಕಷ್ಟೇ ಅಲ್ಲ, ಅಡಿಯಲ್ಲಿ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಜಾಗ ಕಾಯ್ದಿಡುವುದಕ್ಕೂ ಬೇಕು. ಅಕಾಲದಲ್ಲಿ ಅವು ಹೋದರೆ ಪಕ್ಕದ ಹಲ್ಲುಗಳು ವಾಲಿ, ಬರುವ ಹಲ್ಲಿನ ದಾರಿ ತಪ್ಪುತ್ತದೆ. ಹಲ್ಲನ್ನು ಕೊರೆಯುವುದು ಹುಳುವೂ ಅಲ್ಲ. ಬಾಯಿಯ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ. ಆ ಆಮ್ಲವೇ ಹಲ್ಲನ್ನು ಕರಗಿಸುತ್ತದೆ. ಈ ಮಗು ಎರಡು ವರ್ಷ ದಾಟುವವರೆಗೂ ಸಕ್ಕರೆ ಹಾಲಿನ ಬಾಟಲಿಯನ್ನು ಬಾಯಲ್ಲಿಟ್ಟುಕೊಂಡೇ ನಿದ್ದೆಹೋಗುತ್ತಿತ್ತು.

ತಾಯಿ ದಾವಣಗೆರೆಗೆ ಹೋಗುವುದೆಂದು ನಿಶ್ಚಯಿಸಿದಳು. ಕಷ್ಟವಿದ್ದುದು ಮಗುವಿನ ಭಯದಲ್ಲಿ. ಉಣ್ಣದೆ ಹಟಮಾಡಿದಾಗಲೆಲ್ಲ “ಡಾಕ್ಟರ ಹತ್ರ ಒಯ್ದು ಸೂಜಿ ಮಾಡಸ್ತೀನಿ” ಎಂದು ಮನೆಯವರೇ ಹೆದರಿಸಿದ್ದರು. ಹಿಂದಿನ ವರ್ಷ “ಸುಮ್ನ ತೋರ್ಸಿ ಬರೂಣು” ಎಂದು ಕರೆದೊಯ್ದು, ಕೈಕಾಲು ಅದುಮಿ ಹಿಡಿದು ಸೂಜಿ ಹಾಕಿಸಿದ್ದರು. ಅಂದಿನಿಂದ ಬಿಳಿ ಕೋಟು ಕಂಡರೆ ಮಗು ಅವ್ವನ ಸೆರಗಿನಲ್ಲಿ ಅಡಗುತ್ತಿತ್ತು. ಈ ಸಲವೂ ಅಜ್ಜಿ, “ಬೆಣ್ಣಿದೋಸಿ ತಿನ್ನಾಕ ಹೊಂಟೇವಿ ಅಂತ ಹೇಳಿಬಿಡು” ಎಂದರು. “ಬ್ಯಾಡ್ರಿ ಅತ್ತಿ, ಹಲ್ಲು ತೋರ್ಸಾಕ ಅಂತನ ಹೇಳ್ತೀನ್ರಿ” ಎಂದಳು ಸೊಸೆ.

ಬಸ್ಸು ತುಂಗಭದ್ರೆಯ ಸೇತುವೆ ದಾಟುವಾಗ ಮಗು ಕೇಳಿತು: “ಯವ್ವಾ, ನೋವಾಕ್ಕತೇನು?” ತಾಯಿ ಕ್ಷಣಕಾಲ ತಡೆದು, “ಒಂದೀಟು ಆಗಬಹುದು ಕೂಸ. ನಾ ಅಲ್ಲೇ ಇರ್ತೀನಿ” ಎಂದಳು. ಮಗು ಅತ್ತಿತು. ಆದರೆ ಬಸ್ಸು ಇಳಿಯುವಾಗ ತಾನಾಗಿಯೇ ಅವಳ ಕೈ ಹಿಡಿಯಿತು. ಇದನ್ನು ನೋಡುತ್ತಿದ್ದ ಅಜ್ಜಿ ಮೆಲ್ಲಗೆ ಹೇಳಿದರು: “ಸಣ್ಣಾಕಿದ್ದಾಗ ನನ್ನ ಹಲ್ಲು ಕೀಳ್ಸಾಕ ಜಾತ್ರಿಗೆ ಅಂತ ಸುಳ್ಳು ಹೇಳಿ ಒಯ್ದಿದ್ರು. ಆ ನೋವು ಮರ್ತೀನಿ, ಸುಳ್ಳು ಮರ್ತಿಲ್ಲ.”

1979ರಲ್ಲಿ ಆರಂಭವಾದ ಬಾಪೂಜಿ ದಂತ ಮಹಾವಿದ್ಯಾಲಯದ ಮಕ್ಕಳ ವಿಭಾಗದಲ್ಲಿ ಕಿರಿಯ ವೈದ್ಯೆಯೊಬ್ಬರು ಮಗುವನ್ನು ಅವಸರಪಡಿಸಲಿಲ್ಲ. ಮೊದಲು ಪುಟ್ಟ ಕನ್ನಡಿಯನ್ನು ಅದರ ಕೈಗೇ ಕೊಟ್ಟರು. ನೀರು ಚಿಮ್ಮುವ ಕೊಳವೆಯನ್ನು ಅಂಗೈಗೆ ಹಿಡಿದು ತೋರಿಸಿದರು. ತಿರುಗುವ ಬ್ರಷ್ಷನ್ನು ಉಗುರಿನ ಮೇಲೆ ಆಡಿಸಿ, ಆಮೇಲೆ ಹಲ್ಲಿಗೆ ತಾಗಿಸಿದರು. ಮೊದಲು ಹೇಳುವುದು, ಬಳಿಕ ತೋರಿಸುವುದು, ಆಮೇಲೆ ಹೇಳಿದಷ್ಟನ್ನೇ ಮಾಡುವುದು: ಅಡೆಲ್‌ಸ್ಟನ್ ಎಂಬ ದಂತವೈದ್ಯರು 1959ರಲ್ಲಿ ವಿವರಿಸಿದ ಈ ಕ್ರಮವನ್ನು ಮಕ್ಕಳ ದಂತವೈದ್ಯರು ಇಂದಿಗೂ ಅನುಸರಿಸುತ್ತಾರೆ. ಶರಣರ ಮಾತು ಕೇಳಿ ಬೆಳೆದವರಿಗೆ ಇದು ಹೊಸದೆನಿಸದು. ನುಡಿದಂತೆ ನಡೆಯುವುದೇ ಇಲ್ಲಿ ಚಿಕಿತ್ಸೆಯ ವಿಧಾನವಾಗಿದೆ.

“ನೋವಾದರೆ ಎಡಗೈ ಎತ್ತು, ನಾನು ನಿಲ್ಲಿಸುತ್ತೇನೆ” ಎಂದಿದ್ದರು ವೈದ್ಯೆ. ನಡುವೆ ಮಗು ಕೈ ಎತ್ತಿತು. ಅವರು ಆ ಕ್ಷಣವೇ ನಿಲ್ಲಿಸಿದರು. ಮಗು ಮತ್ತೊಮ್ಮೆ ಎತ್ತಿ ನೋಡಿತು; ಮತ್ತೆ ನಿಲ್ಲಿಸಿದರು. ಮೂರನೆಯ ಸಲ ಕೈ ಏಳಲಿಲ್ಲ. ಮಾತು ನಿಲ್ಲುತ್ತದೆಯೇ ಎಂಬ ಪರೀಕ್ಷೆ ಮುಗಿದಿತ್ತು.

ಅಂದು ಕುಳಿಯನ್ನು ಶುಚಿಮಾಡಿ ತಾತ್ಕಾಲಿಕ ಔಷಧ ತುಂಬಿದರು. ಹುಳುಕು ನರದವರೆಗೆ ಇಳಿದಿದ್ದುದರಿಂದ ಮತ್ತೆ ಬರಬೇಕಾಗಿತ್ತು. ಮೊದಲ ಹುಟ್ಟುಹಬ್ಬದ ಹೊತ್ತಿಗೇ ಒಮ್ಮೆ ಹಲ್ಲು ತೋರಿಸಿದ್ದರೆ ಇಷ್ಟಾಗುತ್ತಿರಲಿಲ್ಲವೆಂದು ವೈದ್ಯೆ ತಿಳಿಸಿದರು. ಮಲಗುವ ಮುನ್ನ ಹಲ್ಲುಜ್ಜಿಸಬೇಕು. ಫ್ಲೋರೈಡ್ ಪೇಸ್ಟು ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಬಟಾಣಿಕಾಳಿನಷ್ಟು ಸಾಕು. ಉಜ್ಜುವ ಕೈ ದೊಡ್ಡವರದಾಗಿರಬೇಕು ಎಂದೂ ಹೇಳಿದರು.

ಮರಳುವ ಬಸ್ಸಿನಲ್ಲಿ ಮಗು ಅಜ್ಜಿಯ ತೊಡೆಯೇರಿ ಕೇಳಿತು: “ಅಜ್ಜಿ, ಮುಂದಿನ ಸಲ ಸೂಜಿ ಐತೇನು?” ಸೊಸೆ ತಿರುಗಿ ನೋಡಿದಳು. ಅಜ್ಜಿ ಮಗುವಿನ ಕೆನ್ನೆ ಸವರಿ ಹೇಳಿದರು: “ಐತಿ ಕೂಸ. ಇರಿವಿ ಕಡದಂಗ ಆಕ್ಕತಿ. ನಾನೂ ಬರ್ತೀನಿ.”