ಎರೆಮಣ್ಣು ಮತ್ತು ಬಿರುಕು ಗೋಡೆ

ನಮ್ಮ ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಕೆಂಪು ನೆಲವೂ ಇದೆ, ಎರೆಯೂ ಇದೆ. ಜೀವಮಾನದ ಉಳಿತಾಯ ಸುರಿದು ಎರೆಯ ಮೇಲೆ ಕಟ್ಟಿದ ಗೋಡೆ ಬೇಸಿಗೆಯಲ್ಲಿ ಬಿರಿಯುತ್ತದೆ. ಬೈಗುಳ ಮಾತ್ರ ಗೌಂಡಿಗೆ! ಎರೆಯಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜ ನೀರು ಹೀರಿ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ.

ನಾನು ಮಕ್ಕಳಿಂದ ಮಾಡಿಸುವ ಪ್ರಯೋಗವೊಂದಿದೆ. ಎರಡು ಅಳತೆ ಜಾಡಿಗಳಲ್ಲಿ 10 ಮಿ.ಲೀ.ಯಷ್ಟು ಜರಡಿ ಹಿಡಿದ ಒಣ ಮಣ್ಣು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. 24 ಗಂಟೆ ಬಿಟ್ಟು ನೋಡಿದರೆ ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬಿರುವುದಿಲ್ಲ. ನೀರಿನಲ್ಲಿ ಅದಕ್ಕಿಂತ ಎಷ್ಟು ಏರಿದೆಯೋ ಅಷ್ಟು ಎಚ್ಚರ ಬೇಕು. ಪಾಲಕರೇ, ನಿವೇಶನ ಕೊಳ್ಳುವ ಮುನ್ನ ಮಕ್ಕಳಿಂದ ಇದನ್ನು ಮಾಡಿಸಿ ನೋಡಿ.

ಬಚ್ಚಲ ನೀರನ್ನು ಗೋಡೆಯ ಬುಡಕ್ಕೆ ಬಿಡಬೇಡಿ. ಎರೆ ತೆಳುವಾಗಿದ್ದರೆ ತೆಗೆಸಿ, ಮುರುಮು ತುಂಬಿ ಧಮ್ಮಸು ಮಾಡಿಸಬಹುದು. ಆಳವಾಗಿದ್ದರೆ, ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬಳಕೆಗೆ ತಂದಂತೆ, ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟ್ ಕಂಬಗಳನ್ನು ನೆಲದೊಳಗೆ ಎರಕ ಹೊಯ್ಯುತ್ತಾರೆ. ಮಣ್ಣು ಅಲುಗದ ಆಳಕ್ಕೆ ಅವು ಇಳಿಯಬೇಕು. ಇಂಜಿನಿಯರರನ್ನು ಕೇಳಿಯೇ ಮಾಡಿಸಿ.