ಬೆಳುಗುಪ್ಪದಲ್ಲಿ ಬಾಡಿಗೆ ಮನೆ

2013ನೇ ಇಸವಿಯ ಶ್ರಾವಣದಲ್ಲಿ ನಾನು ಆಂಧ್ರದ ಅನಂತಪುರ ಜಿಲ್ಲೆಯ ಬೆಳುಗುಪ್ಪ ಎಂಬ ಊರಿಗೆ ಬಾಡಿಗೆ ಮನೆ ಹುಡುಕಿಕೊಂಡು ಹೋದೆ. ನಮ್ಮದು ಕಡಲೆಕಾಯಿ ವ್ಯಾಪಾರ. ಅದುವರೆಗೆ ತುಮಕೂರಿನಿಂದ ಮಧುಗಿರಿ, ಪಾವಗಡ, ಕಲ್ಯಾಣದುರ್ಗದ ದಾರಿಯಲ್ಲಿ ಹೋಗಿ ಬಂದು ಮಾಲು ಕೊಳ್ಳುತ್ತಿದ್ದೆ. ಕಾಯಿ ಕೀಳುವ ಮೊದಲೇ ಹೋಗಿ ನಾಲ್ಕು ತಿಂಗಳು ಅಲ್ಲಿಯೇ ನಿಂತರೆ ದಲ್ಲಾಲಿ ಉಳಿಯುತ್ತದೆ, ತೂಕವೂ ಕಣ್ಣೆದುರಿಗೆ ಆಗುತ್ತದೆ ಎಂಬುದು ಲೆಕ್ಕ. ಒಬ್ಬನೇ ಇದ್ದರೆ ಹೋಟೆಲಿನ ಊಟ; ಅದು ನಮ್ಮಂಥವರಿಗೆ ಆಗದ ಮಾತು. ಆದ್ದರಿಂದ ನನ್ನ ಧರ್ಮಪತ್ನಿಯೂ ಬರುವುದೆಂದು ನಿಶ್ಚಯವಾಯಿತು. ಅವಳು ಕೇಳಿದ್ದು ಒಂದೇ ಮಾತು: "ಅಲ್ಲಿ ಬಸದಿ ಇದೆಯೇ?" ನಾನು "ನೋಡೋಣ" ಎಂದೆ. ಇಲ್ಲವೆಂದು ನನಗೆ ಗೊತ್ತಿತ್ತು.

ಬೆಳುಗುಪ್ಪ ಕಲ್ಯಾಣದುರ್ಗದಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರು. ಮಂಡಲದ ಮುಖ್ಯ ಊರಾದರೂ ದೊಡ್ಡ ಊರೇನಲ್ಲ. 1882ರವರೆಗೆ ಈ ಸೀಮೆಯೆಲ್ಲ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆಡುವುದು ತೆಲುಗು, ನಮ್ಮ ಕನ್ನಡ ಹೇಳಿದರೆ ತಿಳಿದುಕೊಳ್ಳುತ್ತಾರೆ. 2022ರಲ್ಲಿ ಜಿಲ್ಲೆ ಒಡೆದು ಹಿಂದೂಪುರ, ಪೆನುಕೊಂಡ, ಮಡಕಶಿರದ ಕಡೆ ಶ್ರೀ ಸತ್ಯಸಾಯಿ ಜಿಲ್ಲೆಯಾಯಿತು. ಕಲ್ಯಾಣದುರ್ಗ, ಬೆಳುಗುಪ್ಪಗಳು ಅನಂತಪುರದಲ್ಲೇ ಉಳಿದವು. ಮಳೆ ವರ್ಷಕ್ಕೆ ಸುಮಾರು 550 ಮಿಲಿಮೀಟರು, ಅದೂ ಬಂದರೆ. ನಾವು ಹೋಗುವ ಹಿಂದಿನ ವರ್ಷ, 2012ರಲ್ಲಿ, ಹಂದ್ರಿ-ನೀವಾ ಕಾಲುವೆಯಲ್ಲಿ ಕೃಷ್ಣಾ ನದಿಯ ನೀರು ಇದೇ ಮಂಡಲದ ಜೀಡಿಪಲ್ಲಿ ಜಲಾಶಯಕ್ಕೆ ಬಂದು ಬಿದ್ದಿತ್ತು. ಅಂಗಡಿ ಕಟ್ಟೆಯ ಮೇಲೆ ಕೂತವರಿಗೆಲ್ಲ ಅದೇ ಮಾತು.

ಮೊದಲು ತೋರಿಸಿದ್ದು ಹಳೆಯ ಮಿದ್ದೆ ಮನೆ. ಮಣ್ಣಿನ ಮಾಳಿಗೆ, ಬೆಳಕಿಗೆ ಮೇಲೊಂದು ಗವಾಕ್ಷಿ, ಬೇಸಿಗೆಗೆ ತಂಪು. ಮನೆಯಾತ ನಾವು ಜೈನರೆಂದು ಕೇಳಿದೊಡನೆ "ಬಡ್ಡಿ ಅಂಗಡಿ ಇಡುತ್ತೀರಾ?" ಎಂದ. ಅಲ್ಲವೆಂದರೂ ನಂಬಿಕೆ ಬರಲಿಲ್ಲ. ಎರಡನೆಯದು ನನಗೆ ಬಹಳ ಹಿಡಿಸಿತು. ಸಸ್ಯಾಹಾರಿಗಳ ಮನೆ, ಅಂಗಳದಲ್ಲಿ ತುಳಸಿ, ಬೇರೆ ಅಡಿಗೆ ಕೋಣೆ. ಇಲ್ಲಿ ತೊಂದರೆಯಿಲ್ಲವೆಂದುಕೊಂಡೆ. ಅವರು ಒಳಗೆ ಹೋಗಿ ಮಾತಾಡಿಕೊಂಡು ಬಂದು, "ನಿಮ್ಮ ಪೂಜೆ ಬೇರೆ, ನಮ್ಮ ಪೂಜೆ ಬೇರೆ, ಆಗುವುದಿಲ್ಲ" ಎಂದರು.

ನನಗೆ ಬಹಳ ಕೋಪ ಬಂತು. ಬಸ್ ನಿಲ್ದಾಣದವರೆಗೂ ಗೊಣಗಿಕೊಂಡೇ ನಡೆದೆ. ಅಲ್ಲಿ ಕೂತಾಗ ಬೇರೊಂದು ನೆನಪಾಯಿತು. ತುಮಕೂರಿನಲ್ಲಿ ನಮ್ಮ ಹಿಂಬದಿಯ ಮನೆಯನ್ನು ಬಾಡಿಗೆಗೆ ಕೊಡುವಾಗ ನಾನೂ ಇದೇ ರೀತಿ ಕೇಳಿ ಇಬ್ಬರನ್ನು ವಾಪಸು ಕಳಿಸಿದ್ದೆ. ಒಬ್ಬಾತ ಕೈಮಗುವನ್ನು ಎತ್ತಿಕೊಂಡು ನಿಂತಿದ್ದ. ಅವನಿಗೆ ಕೂರಲೂ ಹೇಳಿರಲಿಲ್ಲ.

ಮೂರನೆಯ ಮನೆ ಒಬ್ಬ ರೈತನ ತಾಯಿಯದು. ಮುಂದೆ ಅವರಿರುವ ಮನೆ, ಪಕ್ಕದಲ್ಲಿ ಎರಡು ಕೋಣೆಯ ಹೊಸ ತಾರಸಿ ಮನೆ. ಆಕೆಯೇ ಮೊದಲು ಹೇಳಿದರು: "ನಾವು ಮಾಂಸ ತಿನ್ನುವವರಪ್ಪ. ಭಾನುವಾರ ಬೇಯಿಸುತ್ತೇವೆ. ನೀವು ಬಂದು ಆಮೇಲೆ ನಮಗೆ ಬೇಡ ಅನ್ನಬಾರದು." ನಾನು ಬಾಡಿಗೆಯ ಚೌಕಾಸಿಗೆ ಸಿದ್ಧನಾಗಿ ಹೋಗಿದ್ದವನು ಏನು ಹೇಳಲೂ ತೋಚದೆ ನಿಂತೆ. ಕೊನೆಗೆ, ಆ ದಿನ ನಮ್ಮ ಕಡೆಯ ಕಿಟಕಿ ಮುಚ್ಚಿಕೊಳ್ಳುತ್ತೇವೆ ಎಂದೆ. "ನಾವೂ ಮುಚ್ಚುತ್ತೇವೆ" ಎಂದರು. ಬಾಡಿಗೆ ತಿಂಗಳಿಗೆ 1,500 ರೂಪಾಯಿ, ಮುಂಗಡ ಎರಡೇ ತಿಂಗಳದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡ ಎಣಿಸಿಕೊಟ್ಟವರಿಗೆ ಇದರ ಸುಖ ತಿಳಿದೀತು. ಕರಾರು 11 ತಿಂಗಳಿಗೆ.  ಪತ್ರ ತೆಲುಗಿನಲ್ಲಿತ್ತು. ಲಿಪಿ ನಮ್ಮದರ ಅಕ್ಕನೋ ತಂಗಿಯೋ ಆದ್ದರಿಂದ ಕೂಡಿಸಿಕೊಂಡು ಓದಿ ಸಹಿ ಹಾಕಿದೆ. ಕಿಟಕಿಯ ಮಾತು ಅದರಲ್ಲಿ ಬರೆದಿರಲಿಲ್ಲ. ಆರು ವರ್ಷ ನಡೆದದ್ದು ಮಾತ್ರ ಅದೇ.

ದಶಲಕ್ಷಣ ಪರ್ವಕ್ಕೆ ಎರಡು ದಿನ ಮೊದಲು ಸಾಮಾನು ಇಳಿಸಿದೆವು. ನನ್ನ ಪತ್ನಿಗೆ ನಿತ್ಯ ಜಿನದರ್ಶನದ ನಿಯಮವಿದೆ; ದರ್ಶನವಾಗದೆ ಅನ್ನ ಮುಟ್ಟುವುದಿಲ್ಲ. ಅಂದು ಹೊರಡುವ ಮೊದಲು ನಮ್ಮೂರ ಬಸದಿಗೆ ಹೋಗಿ ಬಂದಿದ್ದಳು. ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಅಕ್ಷತೆಯ ಡಬ್ಬಿ ಹಿಡಿದು, "ಎಲ್ಲಿ?" ಎಂದಳು. ಇಲ್ಲವೆಂದು ಹೇಳಬೇಕಾಯಿತು. ಅವಳು ಜಗಳ ಮಾಡಲಿಲ್ಲ. ಡಬ್ಬಿಯನ್ನು ಗೂಡಿನಲ್ಲಿಟ್ಟು ಸಾಮಾನು ಜೋಡಿಸಿದಳು. ನನಗೆ ಬಡಿಸಿದಳು. ತಾನು ಊಟ ಮಾಡಲಿಲ್ಲ.

ಸಂಜೆಗೆ ಮನೆಯ ಅಜ್ಜಿಗೆ ಗೊತ್ತಾಯಿತು. ಹೊಸ ಮನೆಗೆ ಬಂದ ಹೆಣ್ಣುಮಗಳು ಉಪವಾಸವಿದ್ದರೆ ಮನೆಗೆ ಒಳ್ಳೆಯದಲ್ಲವೆಂದು ಅವರಿಗೆ ಗಾಬರಿ. ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಗೋಡೆಗೆ ಹಾಕಿದ್ದ ಪಾರ್ಶ್ವನಾಥರ ಪಟವನ್ನು ನೋಡಿ ಅಜ್ಜಿ, "ಬಟ್ಟೆಯಿಲ್ಲದೆ ನಿಂತ ಇಂಥ ದೇವರು ನಮ್ಮ ತವರಿನ ಕಡೆ ಕೊನಕೊಂಡ್ಲದ ಗುಡ್ಡದ ಮೇಲಿದ್ದಾರೆ" ಎಂದರು. ಅಜ್ಜಿಯ ತವರು ಗುಂತಕಲ್ಲಿನ ಹತ್ತಿರ.

ಕೊನಕೊಂಡ್ಲವೆಂದರೆ ಕೊಂಡಕುಂದೆ. ಸಮಯಸಾರ, ಪ್ರವಚನಸಾರ, ಪಂಚಾಸ್ತಿಕಾಯ, ನಿಯಮಸಾರಗಳನ್ನು ಕೊಟ್ಟ ಕುಂದಕುಂದಾಚಾರ್ಯರ ಹೆಸರೇ ಈ ಊರಿನದು. ಅವರ ಮೊದಲ ಹೆಸರು ಪದ್ಮನಂದಿ. ಇದನ್ನು ಪಿ.ಬಿ. ದೇಸಾಯಿಯವರು ದಕ್ಷಿಣ ಭಾರತದ ಜೈನಧರ್ಮದ ಬಗ್ಗೆ ಬರೆದು 1957ರಲ್ಲಿ ಸೊಲ್ಲಾಪುರದಿಂದ ಹೊರಬಂದ ಗ್ರಂಥದಲ್ಲಿ ಶಾಸನಗಳ ಆಧಾರದಿಂದ ವಿವರಿಸಿದ್ದಾರೆ. ಇಷ್ಟು ಹತ್ತಿರ ವ್ಯಾಪಾರಕ್ಕೆ ಬಂದು ಹೋಗುತ್ತಿದ್ದ ನನಗೆ ಒಬ್ಬ ಅಜ್ಜಿ ನೆನಪಿಸಬೇಕಾಯಿತು.

ಮರುದಿನ ನಸುಕಿನಲ್ಲೇ ಹೊರಟು ಉರವಕೊಂಡದ ಮೇಲೆ ಹೋದೆವು. ಊರಿನ ಪಕ್ಕದ ಗುಡ್ಡಕ್ಕೆ ಅಲ್ಲಿಯವರು ರಸಸಿದ್ಧುಲ ಗುಟ್ಟ ಎನ್ನುತ್ತಾರೆ. ಬಂಡೆಗಳ ನಡುವೆ ಹತ್ತಿದರೆ ಮೇಲೆ ತೀರ್ಥಂಕರರ ಎರಡು ಬಿಂಬಗಳು, ಕಾಯೋತ್ಸರ್ಗದಲ್ಲಿ ನಿಂತಿವೆ. ತಲೆಯ ಮೇಲೆ ಮುಕ್ಕೊಡೆ. ಚಿಕ್ಕ ಬಿಂಬಗಳೇ. ನನ್ನ ಪತ್ನಿ ಅಕ್ಷತೆ ಏರಿಸಿ, ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಳು. ಆಮೇಲೆ ಬುತ್ತಿ ಬಿಚ್ಚಿದೆವು. ಇದೇ ಊರಿನಲ್ಲಿ 1081ರಲ್ಲಿ ನಾಳಿಕಬ್ಬೆ ಎಂಬಾಕೆ ತೀರಿಕೊಂಡ ಗಂಡನ ನೆನಪಿಗೆ ಚಟ್ಟಜಿನಾಲಯ ಕಟ್ಟಿಸಿದಳೆಂದು ಶಾಸನವಿದೆ ಎಂದೆ. "ಗಂಡ ಸುಳ್ಳು ಹೇಳಿರಲಿಲ್ಲವೇನೋ" ಎಂದಳು.

ದಿನಾ ಅಷ್ಟು ದೂರ ಹೋಗಿ ಬರುವುದು ಸಾಧ್ಯವಿಲ್ಲ. ತೆಗೆದುಕೊಂಡ ನಿಯಮವನ್ನು ತಾನೇ ಸಡಿಲಿಸಲು ಅವಳು ಒಪ್ಪಲಿಲ್ಲ. ನಮ್ಮ ಕಡೆ ಚಾತುರ್ಮಾಸಕ್ಕೆ ನಿಂತಿದ್ದ ಮುನಿಮಹಾರಾಜರಲ್ಲಿ ತಂಗಿಯ ಮೂಲಕ ಕೇಳಿಸಿದಳು. ಬಸದಿಯಿಲ್ಲದ ಊರಿನಲ್ಲಿ ಪರೋಕ್ಷ ವಂದನೆ ಮಾಡಿ, ಆ ದಿನ ಒಂದು ರಸವನ್ನು ತ್ಯಜಿಸಿ ಊಟ ಮಾಡಬಹುದೆಂದು ಅಪ್ಪಣೆಯಾಯಿತು. ಅವಳು ತುಪ್ಪ ಬಿಟ್ಟಳು. ತಿಂಗಳಿಗೊಮ್ಮೆ ಗುಡ್ಡಕ್ಕೆ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು.

ನೀರಿನ ವಿಷಯ ಬರೆಯದೆ ಇರಲಾಗದು. ಗಾಳಿಸಿದ ನೀರು 48 ನಿಮಿಷಕ್ಕೆ, ಕುದಿಸಿದ್ದು 24 ಗಂಟೆಗೆ ಎಂಬುದು ಓದುಗರಿಗೆ ತಿಳಿದದ್ದೇ. ನಲ್ಲಿಗೆ ಎರಡು ಪದರದ ಬಟ್ಟೆ ಕಟ್ಟಿದೆವು. ಆದರೆ ಬಟ್ಟೆಯಲ್ಲಿ ಉಳಿದ ಜೀವಾಣಿಯನ್ನು ಬಂದಲ್ಲಿಗೇ ಮುಟ್ಟಿಸಬೇಕಲ್ಲ? ಸೇದುವ ಬಾವಿಯಾದರೆ ಕೊಡದಲ್ಲಿ ಇಳಿಸಬಹುದು. ಕೊಳವೆಬಾವಿಗೆ ಹೇಗೆ ಇಳಿಸುವುದು? ಊರಿನ ಹಳೆಯ ಬಾವಿಗಳು ಬತ್ತಿದ್ದವು. ನಾವು ಏನೋ ಒಂದು ಮಾಡಿಕೊಂಡೆವು, ಸಮಾಧಾನವಾಗಲಿಲ್ಲ. ಬಲ್ಲವರು ಈ ಪತ್ರಿಕೆಯಲ್ಲಿ ಬರೆದರೆ ಉಪಕಾರವಾದೀತು.

ಊರಿನವರಿಗೆ ಇನ್ನೊಂದು ಅನುಮಾನ. ಆಲೂಗಡ್ಡೆ, ಈರುಳ್ಳಿ ನೆಲದೊಳಗಿನದೆಂದು ಬಿಡುವವರು ಕಡಲೆಕಾಯಿ ಮಾತ್ರ ಹೇಗೆ ತಿನ್ನುತ್ತೀರಿ ಎಂದು. ಇದಕ್ಕೆ ನಾನು ಶಾಸ್ತ್ರ ಹೇಳಲು ಹೋಗಲಿಲ್ಲ. ಅವರದೇ ಹೊಲಕ್ಕೆ ಕರೆದುಕೊಂಡು ಹೋಗಿ ಗಿಡ ತೋರಿಸಿದೆ. ಹೂ ಬಿಡುವುದು ಮೇಲೆ. ಅದರಿಂದ ಸೂಜಿಯಂತೆ ಇಳಿದು ಮಣ್ಣಿನಲ್ಲಿ ಕಾಯಿ ಕಟ್ಟುತ್ತದೆ. ಇದು ಗಡ್ಡೆಯಲ್ಲ, ಬೇರಲ್ಲ, ಕಾಯಿ. "ಊಡ ಇಳಿಯುವುದು ನಮಗೆ ಗೊತ್ತಿಲ್ಲವೇ" ಎಂದು ನಕ್ಕರು.

2019ರಲ್ಲಿ ಮನೆ ಬಿಟ್ಟೆವು. ವ್ಯಾಪಾರ ಈಗ ಮಗನದು, ಅವನು ದರವನ್ನು ಫೋನಿನಲ್ಲೇ ಮುಗಿಸುತ್ತಾನೆ. ಅಜ್ಜಿ ಮುಂಗಡದಲ್ಲಿ ಕರೆಂಟಿನ ಬಿಲ್ಲು ಮಾತ್ರ ಮುರಿದುಕೊಂಡು ಉಳಿದದ್ದನ್ನು ಎಣಿಸಿ ಕೊಟ್ಟರು. ತುಮಕೂರಿನ ಹಿಂಬದಿಯ ಮನೆಯಲ್ಲಿ ಈಗ ಬಾಡಿಗೆಗಿರುವವರು ಏನು ತಿನ್ನುತ್ತಾರೆಂದು ನಾನು ಕೇಳಿಲ್ಲ. ಭಾನುವಾರ ನಮ್ಮ ಕಡೆಯ ಕಿಟಕಿ ಮುಚ್ಚಿರುತ್ತದೆ.

ಕೊನಕೊಂಡ್ಲಕ್ಕೆ ಹೋಗುವ ಬಂಧುಗಳು ಗುಂತಕಲ್ಲಿನವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಉರವಕೊಂಡದ ರಸ್ತೆ ಹಿಡಿಯಬೇಕು. ಬಿಸಿಲೇರುವ ಮೊದಲೇ ಗುಡ್ಡ ಹತ್ತುವುದು ಒಳ್ಳೆಯದು. ಬಂಡೆ ಕಾದ ಮೇಲೆ ಬರಿಗಾಲಿನಲ್ಲಿ ನಿಲ್ಲಲಾಗದು. ಗಾಳಿಸಿದ ನೀರು ಮತ್ತು ಬುತ್ತಿ ಮನೆಯಿಂದಲೇ ಒಯ್ಯಿರಿ.