ಮನೋಳಿಯ ಹೊಳೆ, ಲಿನಕ್ಸಿನ ದಂಡು

ಸವದತ್ತಿ ಬಿಟ್ಟು ಸ್ವಲ್ಪ ದೂರ ಬಂದರೆ ನವಿಲುತೀರ್ಥ. ಮಲಪ್ರಭೆ ಇಲ್ಲಿ ಗುಡ್ಡ ಸುತ್ತಿ ಹೋಗುವ ಗೋಜಿಗೇ ಹೋಗಿಲ್ಲ, ನಟ್ಟನಡುವೆ ಸೀಳಿಕೊಂಡು ಹೊರಟಿದ್ದಾಳೆ. ಎರಡೂ ಕಡೆ ಕಡಿದಾದ ಬಂಡೆ, ನಡುವಿನ ಇಕ್ಕಟ್ಟಿನಲ್ಲಿ ಅಣೆಕಟ್ಟು. ಬಸ್ಸಿನ ಕಿಟಕಿಗೆ ಹಣೆ ಹಚ್ಚಿ ನೋಡುತ್ತಿದ್ದಂತೆ ಹೊಳೆ ಮತ್ತೆ ಬಯಲಿಗೆ ಬಿತ್ತು, ಅಗಲವಾಯಿತು, ಸೇತುವೆ ಬಂತು. ಆಚೆ ದಂಡೆಯಲ್ಲಿ ಮನೋಳಿ. ಸರಕಾರದ ಬೋರ್ಡಿನಲ್ಲಿ ಮುನವಳ್ಳಿ ಎಂದಿದ್ದರೂ ಕಂಡಕ್ಟರ್ ಕೂಗಿದ್ದು ಮನೋಳಿ ಎಂದೇ.

ನಾನು ಬಂದದ್ದು ಹಳೆಯ ಕಾಳಗವೊಂದರ ಜಾಗ ನೋಡಲು. 1800ರ ಜುಲೈ 30ರಂದು ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದನಲ್ಲ ಅವನೇ, ಮನೋಳಿಯ ಎದುರಿನ ಬಲದಂಡೆಯಲ್ಲಿ ಧೋಂಡಿಯಾ ವಾಘ್‌ನ ಬಿಡಾರದ ಮೇಲೆ ಹಠಾತ್ತನೆ ಎರಗಿದ. ಟಿಪ್ಪುವಿನ ಸೆರೆಯಲ್ಲಿದ್ದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊರಬಿದ್ದ ಧೋಂಡಿಯಾ ತನ್ನನ್ನು ತಾನೇ ಉಭಯ ಲೋಕಾಧೀಶ್ವರ ಎಂದು ಕರೆದುಕೊಂಡವನು. ಮಳೆಗಾಲದ ತುಂಬು ಹೊಳೆ. ಹಿಂದೆ ಕುದುರೆ ದಂಡು, ಮುಂದೆ ನೀರು. ಎಷ್ಟೋ ಜನ ಮಲಪ್ರಭೆಯಲ್ಲೇ ಮುಳುಗಿ ಸತ್ತರು. ಧೋಂಡಿಯಾ ಅಂದು ಕೈಗೆ ಸಿಗಲಿಲ್ಲ. ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಅವನ ಕತೆ ಮುಗಿಯಿತು.

ಕೋಟೆಯ ಗೋಡೆ ನೋಡಿದೆ, ಪಂಚಲಿಂಗೇಶ್ವರನ ಗುಡಿಗೆ ಹೋಗಿ ಕೈಮುಗಿದೆ. ಬಿಸಿಲು ಏರಿದ ಮೇಲೆ ಗೆಳೆಯನ ಮನೆ ಸೇರಿ ಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿ ಮುಗಿಸುವ ಹೊತ್ತಿಗೆ ಪಡಸಾಲೆಯಿಂದ ಕತ್ತಿಗಳ ಖಣಖಣ ಕೇಳಿಸಿತು. ಗೆಳೆಯನ ಕಿರಿಮಗ, ಹೈಸ್ಕೂಲು ಹುಡುಗ, ಹುಬ್ಬಳ್ಳಿಯಿಂದ ತಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನ ಮುಂದೆ ಕೂತಿದ್ದ.

"ಇದು ವಿಂಡೋಸ್ ಅಲ್ರಿ ಕಾಕಾ. ಲಿನಕ್ಸ್ ಐತಿ. ವಿಂಡೋಸ್ ಹತ್ತು ಬಂದ್ ಆತಲ್ರಿ, ಹನ್ನೊಂದು ಇದರಾಗ ಕುಂದ್ರಂಗಿಲ್ಲ. ಅಣ್ಣ ಲಿನಕ್ಸ್ ಮಿಂಟ್ ಹಾಕಿ ಕೊಟ್ಟಾನ."

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತದ್ದು ನನಗೂ ಗೊತ್ತಿತ್ತು. ಆದರೆ ಲಿನಕ್ಸ್ ಎಂದರೆ ಸರ್ವರ್ ನೋಡಿಕೊಳ್ಳುವವರ ಸಾಮಾನು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಕುಟ್ಟುವವರ ಲೋಕ ಎಂಬುದು ನಮ್ಮ ತಲೆಮಾರಿನ ತಿಳಿವಳಿಕೆ. ಅದರಲ್ಲಿ ಆಟವೇ?

ದೊಡ್ಡ ಮಗ ಬೆಳಗಾವಿಯಲ್ಲಿ ಎಂಜಿನಿಯರಿಂಗ್ ಓದುತ್ತಾನೆ, ರಜೆಗೆ ಬಂದಿದ್ದ. ನನ್ನ ಮುಖ ನೋಡಿ ನಕ್ಕು ತನ್ನ ಲ್ಯಾಪ್‌ಟಾಪ್ ತಂದಿಟ್ಟ. ಅದಕ್ಕೆ ಗ್ರಾಫಿಕ್ಸ್ ಕಾರ್ಡ್ ಇದೆ, ಅದರಲ್ಲೂ ಲಿನಕ್ಸೇ. ಅವನು ತೆರೆದದ್ದು 'ರಾಜಿ'. ಪುಣೆಯ ನೋಡಿಂಗ್ ಹೆಡ್ಸ್ ಗೇಮ್ಸ್‌ನವರು 2020ರಲ್ಲಿ ಹೊರತಂದ ಆಟ. ತಮ್ಮನನ್ನು ಹುಡುಕುತ್ತ ಅಸುರರ ಜೊತೆ ಹೋರಾಡುವ ಹುಡುಗಿಯ ಕತೆ. ಪಹಾಡಿ ಚಿತ್ರಗಳಂಥ ಗೋಡೆಗಳು, ಕತೆ ಹೇಳಬೇಕಾದಲ್ಲಿ ತೊಗಲುಗೊಂಬೆಯಂಥ ನೆರಳುಗಳು. ತೊಗಲುಗೊಂಬೆಯಾಟ ಕಂಡ ಈ ಸೀಮೆಯ ಕಣ್ಣಿಗೆ ಅದು ಪರಕೀಯ ಅನ್ನಿಸುವುದೇ ಇಲ್ಲ. ಅರಮನೆಯ ಮೆಟ್ಟಿಲ ಮೇಲೆ ಆ ಹುಡುಗಿ ತ್ರಿಶೂಲ ಹಿಡಿದು ಜಿಗಿದಾಗ ನಾನೂ ಕುರ್ಚಿಯಲ್ಲಿ ಮುಂದೆ ಸರಿದು ಕೂತೆ.

ನನ್ನನ್ನು ಬೆರಗುಗೊಳಿಸಿದ್ದು ಬೇರೆ ಸಂಗತಿ. ಈ ಆಟವನ್ನು ಲಿನಕ್ಸಿಗೆಂದು ಯಾರೂ ಮಾಡಿಲ್ಲ. ಅದು ವಿಂಡೋಸಿನ ಆಟ. ಪ್ರತಿ ಕ್ಷಣ ಅದು ವಿಂಡೋಸಿನ ಭಾಷೆಯಲ್ಲೇ ಕೇಳುತ್ತಿರುತ್ತದೆ: ಈ ಕಡತ ಕೊಡು, ಈ ಗೋಡೆ ಬರೆ, ಇಲ್ಲಿ ನೆರಳು ಹಾಕು. ಕೆಳಗೆ ವಿಂಡೋಸೇ ಇಲ್ಲ. ಕನ್ನಡವಷ್ಟೇ ಬಲ್ಲ ರೈತನಿಗೂ ಮರಾಠಿಯಷ್ಟೇ ಬಲ್ಲ ವ್ಯಾಪಾರಿಗೂ ನಡುವೆ ನಿಂತು ಬೆಳಗಾವಿಯ ದಲಾಲ ವ್ಯವಹಾರ ಕುದುರಿಸುವಂತೆ, ಪ್ರೋಟಾನ್ ಎಂಬ ತಂತ್ರಾಂಶ ನಡುವೆ ನಿಂತು ಎರಡೂ ಕಡೆ ಮಾತಾಡುತ್ತದೆ. ಅದರ ಹೊಟ್ಟೆಯೊಳಗೆ ವೈನ್ ಇದೆ. 1993ರಲ್ಲಿ ಶುರುವಾದ ಕೆಲಸ ಅದು, 1.0 ಎಂಬ ಸಂಖ್ಯೆ ಮುಟ್ಟಲು 2008ರ ತನಕ, ಹದಿನೈದು ವರ್ಷ, ಹಿಡಿಯಿತು. ಚಿತ್ರ ಬರೆಯುವ ಆಜ್ಞೆಗಳನ್ನು ವಲ್ಕನ್ ಎಂಬ ಮುಕ್ತ ಮಾನದಂಡಕ್ಕೆ ತಿರುಗಿಸಲು ಡಿಎಕ್ಸ್‌ವಿಕೆ ಇದೆ. ಇದನ್ನು ಶುರುಮಾಡಿದವನು ಫಿಲಿಪ್ ರೆಬೊಹ್ಲೆ. ಅವನಿಗೆ 'ನಿಯರ್ ಆಟೊಮಾಟಾ' ಎಂಬ ಆಟವನ್ನು ಲಿನಕ್ಸಿನಲ್ಲಿ ಆಡಬೇಕಿತ್ತು. ಆಡುವ ಆಸೆಯೊಂದು ಎಷ್ಟು ದೂರ ಒಯ್ಯಬಲ್ಲದು ನೋಡಿ!

ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿ ನಡೆಸುವ ವಾಲ್ವ್ ಕಂಪನಿ ಇವನ್ನೆಲ್ಲ ಒಟ್ಟುಗೂಡಿಸಿ 2018ರ ಆಗಸ್ಟ್‌ನಲ್ಲಿ ಪ್ರೋಟಾನ್ ಬಿಟ್ಟಿತು. ಅದಕ್ಕೂ ಮೊದಲು, 2015ರಲ್ಲಿ, ಲಿನಕ್ಸ್ ಹಾಕಿದ ಸ್ಟೀಮ್ ಮಷೀನ್‌ಗಳು ಅಂಗಡಿಗೆ ಬಂದು ಕೈಸುಟ್ಟುಕೊಂಡಿದ್ದವು. ಆಟ ಮಾಡುವವರು ಲಿನಕ್ಸಿಗೆಂದೇ ಬೇರೆ ಆವೃತ್ತಿ ಮಾಡಲಿ ಎಂದು ಕಾಯುತ್ತ ಕೂರುವುದರಲ್ಲಿ ಅರ್ಥವಿಲ್ಲ ಎಂದು ತಿಳಿದ ಮೇಲೆ ದಾರಿ ಬದಲಾಯಿತು. 2022ರ ಫೆಬ್ರವರಿಯಲ್ಲಿ ಬಂದ ಸ್ಟೀಮ್ ಡೆಕ್ ಅಂಗೈಯಲ್ಲಿ ಹಿಡಿದು ಆಡುವ ಲಿನಕ್ಸ್ ಕಂಪ್ಯೂಟರು. 2025ರ ಅಕ್ಟೋಬರ್‌ನ ಸಮೀಕ್ಷೆಯಲ್ಲಿ ಸ್ಟೀಮ್ ಬಳಸುವವರ ಪೈಕಿ ಲಿನಕ್ಸಿನವರು ಮೊದಲ ಬಾರಿಗೆ ಶೇ. 3 ದಾಟಿದರು. ಸಣ್ಣ ಸಂಖ್ಯೆಯೇ, ಅನುಮಾನವಿಲ್ಲ. ಆದರೂ ಅದರಲ್ಲಿ ಮನೋಳಿಯವರೂ ಒಬ್ಬರಿರಬಹುದಲ್ಲ ಎಂದು ನನಗೆ ಒಳಗೊಳಗೇ ಖುಷಿ.

ಎಲ್ಲವೂ ಸಲೀಸೇ? ದೊಡ್ಡವನು ಮುಖ ಸಿಂಡರಿಸಿದ. "ವ್ಯಾಲರಂಟ್ ಬರೂದಿಲ್ರಿ. ಅದಕ್ಕ ಹಾಸ್ಟೆಲಿನ್ಯಾಗ ದೋಸ್ತರ ಮಷೀನ್ ಹಿಡೀಬೇಕು." ಮೋಸ ತಡೆಯುವ ಕಾವಲು ತಂತ್ರಾಂಶ ವಿಂಡೋಸಿನ ಗರ್ಭಗುಡಿಯೊಳಗೇ ಕೂತು ನೋಡುತ್ತಿರಬೇಕೆಂಬುದು ಇಂಥ ಆಟಗಳ ಷರತ್ತು. ಲಿನಕ್ಸಿನ ಗರ್ಭಗುಡಿಯನ್ನು ಯಾರು ಬೇಕಾದರೂ ಬಿಚ್ಚಿ ಕಟ್ಟಬಹುದು, ಹಾಗಾಗಿ ಅವರಿಗೆ ನಂಬಿಕೆ ಬಾರದು. 'ಏಪೆಕ್ಸ್ ಲೆಜೆಂಡ್ಸ್' ಅಂತೂ ಮೊದಲು ಒಳಗೆ ಬಿಟ್ಟುಕೊಂಡು, 2024ರ ಅಕ್ಟೋಬರ್ 31ರಂದು ಲಿನಕ್ಸಿನವರನ್ನು ಹೊರಹಾಕಿತು. ಬಾಗಿಲು ತೆರೆದಿಟ್ಟದ್ದೇ ಇಲ್ಲಿ ಅಪರಾಧವಾಗಿದೆ. ನನಗೆ ಇದು ನ್ಯಾಯವೆನಿಸಲಿಲ್ಲ.

ಪಕ್ಕದ ಮನೆಯ ನಿವೃತ್ತ ಗಣಿತದ ಮಾಸ್ತರರು ಚಾ ಕುಡಿಯಲು ಬಂದವರು ಇದನ್ನೆಲ್ಲ ಕೇಳಿಸಿಕೊಂಡರು. ಅವರಿಗೆ ಇದು ಹೊಸದೇ ಅಲ್ಲ. ಐಟಿ ಫಾರ್ ಚೇಂಜ್ ಸಂಸ್ಥೆಯೂ ಶಿಕ್ಷಣ ಇಲಾಖೆಯೂ ಕೂಡಿ ನಡೆಸಿದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಯಲ್ಲಿ ಅವರು ಉಬುಂಟು ಎಂಬ ಲಿನಕ್ಸ್ ಕಲಿತವರು. "ಟಕ್ಸ್ ಮ್ಯಾಥ್ ಅಂತ ಒಂದಿತ್ರಿ. ಮ್ಯಾಲಿಂದ ಧೂಮಕೇತು ಬೀಳ್ತಾವು, ಅದರ ಮ್ಯಾಲೆ ಲೆಕ್ಕ. ಉತ್ತರ ಹೊಡದ್ರ ಢಂ! ಮಗ್ಗಿ ಬಾರದ ಹುಡುಗ್ರು ಸೈತ ಕೀಬೋರ್ಡ್ ಬಿಡತಿದ್ದಿಲ್ಲ." ಹೀಗೆ ನೋಡಿದರೆ ಲಿನಕ್ಸಿನ ಆಟ ನಮ್ಮ ಕಡೆಗೆ ಬಂದದ್ದು ಸ್ಟೀಮ್ ಡೆಕ್ಕಿನ ಜೊತೆಗಲ್ಲ, ಅದಕ್ಕೂ ಮೊದಲೇ, ಮಾಸ್ತರರ ಚೀಲದಲ್ಲಿ.

ಇಷ್ಟರಲ್ಲಿ ಕಿರಿಯವನಿಗೆ ತಾಳ್ಮೆ ತಪ್ಪಿತ್ತು. ಅವನ ಹಳೆಯ ಮಷೀನಿನಲ್ಲಿ ರಾಜಿ ಬರುವುದಿಲ್ಲ. ಅವನು ಆಡುತ್ತಿದ್ದುದು 'ಬ್ಯಾಟಲ್ ಫಾರ್ ವೆಸ್ನಾತ್'. 2003ರಲ್ಲಿ ಡೇವಿಡ್ ವೈಟ್ ಶುರುಮಾಡಿದ, ದುಡ್ಡಿಲ್ಲದೆ ಸಿಗುವ, ಒಳಗಿನ ಹೂರಣವನ್ನೆಲ್ಲ ತೆರೆದಿಟ್ಟಿರುವ ಆಟ. ನೆಲವೆಲ್ಲ ಆರು ಮೂಲೆಯ ಮನೆಗಳು. ನೀನೊಂದು ಸಲ, ನಾನೊಂದು ಸಲ ದಂಡು ನಡೆಸಬೇಕು. ನಾಯಕ ಕೋಟೆಯ ನಡುಮನೆಯಲ್ಲಿದ್ದರೆ ಮಾತ್ರ ಹೊಸ ಸೈನಿಕರನ್ನು ಸೇರಿಸಿಕೊಳ್ಳಬಹುದು. ಊರು ಹಿಡಿದರೆ ಹೊನ್ನು ಬರುತ್ತದೆ, ಗಾಯ ಮಾಯುತ್ತದೆ.

"ಕಾಕಾ, ನಕಾಶಿ ನೋಡ್ರಿ."

ನೋಡಿದೆ. ಎಡಮೂಲೆಯಲ್ಲಿ ಎರಡು ಗುಡ್ಡದ ಸಾಲು, ನಡುವೆ ಸಂದಿ, ಸಂದಿಯಿಂದ ಹೊರಟ ನೀಲಿ ಹೊಳೆ. ಹೊಳೆಯ ಮೇಲ್ದಂಡೆಯಲ್ಲಿ ಕೋಟೆ, ಪಕ್ಕದಲ್ಲಿ ಊರು. ಬೆಳಿಗ್ಗೆ ಬಸ್ಸಿನ ಕಿಟಕಿಯಿಂದ ಕಂಡದ್ದೇ ಇದು! ಆಟದ ಜೊತೆಗೇ ನಕಾಶೆ ಬರೆಯುವ ಸಾಧನವೂ ಬರುತ್ತದೆ. ಹುಡುಗ ನವಿಲುತೀರ್ಥವನ್ನೂ ಮಲಪ್ರಭೆಯನ್ನೂ ಮನೋಳಿ ಕೋಟೆಯನ್ನೂ ಅದರಲ್ಲಿ ಕೂರಿಸಿದ್ದ. ಅಷ್ಟು ಹೊತ್ತು ರಾಜಿಯ ಅರಮನೆ ಕಂಡು ಬೆರಗಾಗಿದ್ದವನು ಈಗ ಈ ದಪ್ಪ ದಪ್ಪ ಮನೆಗಳ ಚಿತ್ರದ ಮುಂದೆ ಮಾತಿಲ್ಲದೆ ನಿಂತೆ. ಪ್ರೋಟಾನ್ ಬೇರೆಯವರ ಆಟವನ್ನು ಲಿನಕ್ಸಿಗೆ ತಂದಿತು, ದೊಡ್ಡ ಸಾಧನೆಯೇ ಹೌದು. ಆದರೆ ಮನೋಳಿಯನ್ನು ಆಟದೊಳಗೆ ಒಯ್ಯಲು ದಾರಿ ಬಿಟ್ಟದ್ದು ಈ ಬಡ ಮಷೀನಿನ ಪುಕ್ಕಟೆ ಆಟ.

ನಾನು ಧೋಂಡಿಯಾನ ಕತೆ ಹೇಳಿದೆ. ಹುಡುಗ ಕಣ್ಣರಳಿಸಿ ಕೇಳಿ, ತಕ್ಷಣ ಬಲದಂಡೆಯಲ್ಲಿ ಒಂದು ದಂಡು ಇಳಿಸಿದ, ಹಿಂದೆ ಕುದುರೆ ಸವಾರರನ್ನು ಬಿಟ್ಟ. ವೆಸ್ನಾತಿನ ಲೆಕ್ಕ ನಿಷ್ಠುರ. ಕೋಟೆಯಲ್ಲಿ ನಿಂತ ಸಾಮಾನ್ಯ ಭರ್ಚಿಗಾರನಿಗೆ ಏಟು ತಪ್ಪುವ ಸಾಧ್ಯತೆ ಶೇ. 60. ಅವನೇ ಮೊಣಕಾಲು ನೀರಿಗಿಳಿದರೆ ಶೇ. 20. ಅಂದರೆ ಹತ್ತು ಏಟಿನಲ್ಲಿ ಎಂಟು ಬೀಳುತ್ತವೆ. ಆಳದ ನೀರಿಗಂತೂ ಕಾಲಾಳು ಇಳಿಯುವಂತೆಯೇ ಇಲ್ಲ. ನಾಲ್ಕಾರು ಸುತ್ತಿನಲ್ಲಿ ಧೋಂಡಿಯಾನ ದಂಡು ನೀರಿನ ಅಂಚಿಗೆ ಬಂತು, ಒಬ್ಬೊಬ್ಬರಾಗಿ ಮಾಯವಾಯಿತು. ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಓದಿ ಮುಂದೆ ಹೋಗಿದ್ದ ಆ ದಿನ, ತುಂಬು ಹೊಳೆ ಬೆನ್ನಿಗಿದ್ದವರ ಗತಿ ಏನೆಂದು ನನಗೆ ತಿಳಿದದ್ದು ಆಗಲೇ.

ಹುಡುಗ ಒಪ್ಪಲಿಲ್ಲ. ಮತ್ತೆ ಮೊದಲಿಂದ ಶುರುಮಾಡಿದ. ಗುಡ್ಡ ಹತ್ತಿಸಿದ, ಊರು ಹಿಡಿಸಿದ, ಆದರೂ ಕುದುರೆ ದಂಡು ನೀರಿಗೇ ನೂಕಿತು. ಮಾಸ್ತರರು ಚಾ ಬಟ್ಟಲು ಕೆಳಗಿಟ್ಟು, "ಸೇತುವೆ ಹಾಕೋ" ಎಂದರು. "ಆವಾಗ ಸೇತುವೆ ಎಲ್ಲಿತ್ರಿ ಸರ್" ಎಂದು ಅವನು ಅವರ ಮಾತು ತಳ್ಳಿಹಾಕಿದ. ಸ್ವಲ್ಪ ಹೊತ್ತು ಸೈನಿಕರ ಪಟ್ಟಿ ಮೇಲೆ ಕೆಳಗೆ ಮಾಡಿದ. ನೀರಿನಲ್ಲೇ ಹುಟ್ಟಿ ನೀರಿನಲ್ಲೇ ಕಾದುವ ಅರೆಮೀನಿನ ಯೋಧರು ವೆಸ್ನಾತಿನಲ್ಲಿದ್ದಾರೆ. ಬೇರೆಯವರು ಸಾಯುವ ನೀರಿನಲ್ಲಿ ಅವರಿಗೆ ಶೇ. 60ರ ರಕ್ಷಣೆ.

"ಕಾಕಾ, ಧೋಂಡಿಯಾನ ಕಡೆ ಇವರನ್ನ ಹಾಕೂನು" ಎಂದು ಮಲಪ್ರಭೆಯ ತುಂಬ ಮೀನು ಮನುಷ್ಯರನ್ನು ನಿಲ್ಲಿಸಿ, ವೆಲ್ಲೆಸ್ಲಿಯ ಸರದಿ ಆಡಲು ಮೌಸನ್ನು ನನ್ನ ಕಡೆ ಸರಿಸಿದ. "ಈಗ ಬರ್ರಿ ನೋಡೋಣು."